ಜಿನ್ಸೆಂಗ್ ಡಬ್ಬಿಯೊಳಗೆ ಏನಿತ್ತು? 2011ರ ರಿಲೇ ತಂಡದ ಪ್ರಕರಣ

2010ರ ಅಕ್ಟೋಬರ್‌ನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದಲ್ಲಿ ಭಾರತದ ನಾಲ್ವರು ಓಟಗಾರ್ತಿಯರು 4x400 ಮೀಟರ್ ರಿಲೇ ಚಿನ್ನ ಗೆದ್ದರು. ಮಂಜೀತ್ ಕೌರ್, ಸಿನಿ ಜೋಸ್, ಅಶ್ವಿನಿ ಅಕ್ಕುಂಜಿ, ಮನ್‌ದೀಪ್ ಕೌರ್. ಮರುತಿಂಗಳು ಗುವಾಂಗ್‌ಝೌ ಏಷ್ಯನ್ ಕೂಟದಲ್ಲೂ ಇದೇ ನಾಲ್ವರು ಚಿನ್ನ ತಂದರು. ಕುಂದಾಪುರ ಕಡೆಯ ಸಿದ್ದಾಪುರದ ಅಶ್ವಿನಿ ಅಲ್ಲಿ 400 ಮೀಟರ್ ಹರ್ಡಲ್ಸ್ ಕೂಡ ಗೆದ್ದರು. ಒಂದೇ ಕೂಟದಲ್ಲಿ ಎರಡು ಚಿನ್ನ. ಆ ವರ್ಷ ಕರಾವಳಿಯಲ್ಲಿ ಅವರ ಹೆಸರು ಕೇಳದ ಮನೆ ಇರಲಿಲ್ಲ.

ಎಂಟೇ ತಿಂಗಳು ಕಳೆಯಿತು. 2011ರ ಜೂನ್ ಕೊನೆ ಮತ್ತು ಜುಲೈ ಮೊದಲ ವಾರದಲ್ಲಿ ಡೋಪಿಂಗ್ ಪರೀಕ್ಷೆಯ ಫಲಿತಾಂಶಗಳು ಒಂದರ ಹಿಂದೆ ಒಂದು ಹೊರಬಿದ್ದವು. ಸಿನಿ ಜೋಸ್, ಜೌನಾ ಮುರ್ಮು, ಟಿಯಾನಾ ಮೇರಿ ಥಾಮಸ್, ಮನ್‌ದೀಪ್ ಕೌರ್, ಅಶ್ವಿನಿ ಅಕ್ಕುಂಜಿ, ಪ್ರಿಯಾಂಕಾ ಪವಾರ್. ರಿಲೇ ಗುಂಪಿನ ಆರು ಜನ! ಸಿಕ್ಕಿದ ವಸ್ತು ಮೆಟಾಂಡಿಯೆನೋನ್ ಅನ್ನುವ ಸ್ಟೀರಾಯ್ಡ್, ಅಂದರೆ ಸ್ನಾಯು ಬೆಳೆಸುವ ಹಾರ್ಮೋನ್ ಬಗೆಯ ಔಷಧಿ. ಸ್ಟಾನೋಝೊಲಾಲ್ ಅನ್ನುವ ಇನ್ನೊಂದು ಸ್ಟೀರಾಯ್ಡಿನ ಹೆಸರೂ ಪ್ರಕರಣದಲ್ಲಿ ಬಂತು. ಜಪಾನಿನ ಕೋಬೆಯಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಶುರುವಾಗಲು ಕೆಲವೇ ದಿನ ಬಾಕಿ ಇತ್ತು. ಅಶ್ವಿನಿಯನ್ನು ತಂಡದಿಂದ ಕೈಬಿಟ್ಟರು. ಆಗಿನ ಕ್ರೀಡಾ ಸಚಿವ ಅಜಯ್ ಮಾಕನ್, ತಂಡದ ಉಕ್ರೇನ್ ಮೂಲದ ಕೋಚ್ ಯೂರಿ ಒಗೊರೊಡ್ನಿಕ್ ಅವರನ್ನು ಕೆಲಸದಿಂದ ತೆಗೆದರು.

ಓಟಗಾರ್ತಿಯರು ಹೇಳಿದ್ದು ಒಂದೇ ಮಾತು: ನಾವು ಬೇಕಂತಲೇ ಏನನ್ನೂ ತೆಗೆದುಕೊಂಡಿಲ್ಲ, ಕೋಚ್ ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ತಿಂದೆವು, ಅದರಲ್ಲೇ ಏನೋ ಬೆರೆತಿತ್ತು. ಜಿನ್ಸೆಂಗ್ ಅಂದರೆ ಒಂದು ಗಿಡದ ಬೇರು. ಚೀನಾ, ಕೊರಿಯಾ ಕಡೆ ಅದಕ್ಕೆ ನಮ್ಮಲ್ಲಿ ಅಶ್ವಗಂಧಕ್ಕೆ ಇರುವಷ್ಟೇ ಹೆಸರು. ಅದು ನಿಷೇಧಿತ ವಸ್ತುವಲ್ಲ. ಆಗಲೂ ಅಲ್ಲ, ಈಗಲೂ ಅಲ್ಲ.

ಈ ಪ್ರಕರಣದ ಬಗ್ಗೆ ಮಾತು ಬಂದಾಗೆಲ್ಲ ಚರ್ಚೆ ಒಂದೇ ಕಡೆ ಹೋಗುತ್ತದೆ. ಅವರು ಗೊತ್ತಿದ್ದು ತಿಂದರಾ, ಗೊತ್ತಿಲ್ಲದೆ ತಿಂದರಾ? ನನಗೆ ಅದಕ್ಕಿಂತ ಮುಖ್ಯ ಅನ್ನಿಸುವ ಪ್ರಶ್ನೆ ಬೇರೆ ಇದೆ. ಡಬ್ಬಿಯಲ್ಲಿ ಅಪ್ಪಟ ಜಿನ್ಸೆಂಗೇ ಇದ್ದಿದ್ದರೆ ಆ ಹುಡುಗಿಯರಿಗೆ ಏನು ಸಿಗುತ್ತಿತ್ತು? ಅವರ ಓಟ ಎಷ್ಟು ವೇಗವಾಗುತ್ತಿತ್ತು? ಅದಕ್ಕೆ ಉತ್ತರ 2011ರ ಹೊತ್ತಿಗೇ ಇತ್ತು. ಯಾರಾದರೂ ಹುಡುಕಿದ್ದರೆ ಸಿಗುತ್ತಿತ್ತು ಕೂಡ.

ಮೊದಲು ತೀರ್ಪಿನ ಕಥೆ ಮುಗಿಸುತ್ತೇನೆ. ರಾಷ್ಟ್ರೀಯ ಡೋಪಿಂಗ್ ತಡೆ ಸಂಸ್ಥೆಯ, ಅಂದರೆ ನಾಡಾದ, ಶಿಸ್ತು ಸಮಿತಿ 2011ರ ಡಿಸೆಂಬರ್‌ನಲ್ಲಿ ಒಂದು ವರ್ಷದ ನಿಷೇಧ ಹಾಕಿತು. ಆಗಿನ ನಿಯಮದಂತೆ ಸ್ಟೀರಾಯ್ಡ್ ಸಿಕ್ಕರೆ ಎರಡು ವರ್ಷ. ಓಟಗಾರ್ತಿಯರ ತಪ್ಪು ದೊಡ್ಡದಲ್ಲ ಅಂತ ಒಪ್ಪಿಕೊಂಡೇ ಸಮಿತಿ ಶಿಕ್ಷೆಯನ್ನು ಅರ್ಧಕ್ಕೆ ಇಳಿಸಿತ್ತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಫೆಡರೇಷನ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಪ್ರಕರಣ ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು. 2012ರ ಜುಲೈನಲ್ಲಿ, ಲಂಡನ್ ಒಲಿಂಪಿಕ್ಸ್‌ಗೆ ಹತ್ತು ದಿನ ಇರುವಾಗ, ಮಂಡಳಿ ಶಿಕ್ಷೆಯನ್ನು ಎರಡು ವರ್ಷಕ್ಕೆ ಏರಿಸಿತು. ಒಂದು ವರ್ಷ ಮುಗಿಯಿತು ಅಂದುಕೊಳ್ಳುವ ಹೊತ್ತಿಗೆ ಇನ್ನೊಂದು ವರ್ಷ ತಲೆಮೇಲೆ ಬಂತು.

ನ್ಯಾಯಮಂಡಳಿ ಕ್ರೂರವಾಗಿ ನಡೆದುಕೊಂಡಿತು ಅಂತ ಆಗ ತುಂಬಾ ಜನ ಬೇಜಾರು ಮಾಡಿಕೊಂಡರು. ಆದರೆ ನಿಯಮ ಓದಿದರೆ ಆಶ್ಚರ್ಯ ಆಗುವುದಿಲ್ಲ. ವಾಡಾ, ಅಂದರೆ ವಿಶ್ವ ಡೋಪಿಂಗ್ ತಡೆ ಸಂಸ್ಥೆಯ ಸಂಹಿತೆ ಪ್ರಕಾರ ಮೈಯೊಳಗೆ ಏನು ಹೋಗುತ್ತದೆ ಅನ್ನುವುದಕ್ಕೆ ಕ್ರೀಡಾಪಟುವೇ ಹೊಣೆ. ಮೂತ್ರದಲ್ಲಿ ವಸ್ತು ಸಿಕ್ಕಿದರೆ ತಪ್ಪು ಸಾಬೀತಾದ ಹಾಗೇ. ಉದ್ದೇಶ ಏನಿತ್ತು ಅನ್ನುವುದು ಶಿಕ್ಷೆಯ ಪ್ರಮಾಣಕ್ಕೆ ಮಾತ್ರ ಬೇಕಾಗುವ ಸಂಗತಿ. ಅಷ್ಟೇ ಅಲ್ಲ, 2009ರಿಂದ ಜಾರಿಯಲ್ಲಿದ್ದ ಸಂಹಿತೆಯ ಟಿಪ್ಪಣಿಯಲ್ಲಿ ಎರಡು ಉದಾಹರಣೆ ಹೆಸರಿಟ್ಟು ಕೊಟ್ಟಿದ್ದಾರೆ. ಒಂದು, ಲೇಬಲ್ ಸರಿಯಿಲ್ಲದ ಅಥವಾ ಕಲಬೆರಕೆಯಾದ ಸಪ್ಲಿಮೆಂಟ್. ಇನ್ನೊಂದು, ಕ್ರೀಡಾಪಟುವಿಗೆ ತಿಳಿಸದೆ ಅವರ ಡಾಕ್ಟರ್ ಅಥವಾ ತರಬೇತುದಾರ ಕೊಟ್ಟ ವಸ್ತು. ಈ ಎರಡರಲ್ಲೂ 'ನನ್ನ ತಪ್ಪೇನೂ ಇಲ್ಲ' ಅಂತ ಪೂರ್ತಿ ಪಾರಾಗಲು ಆಗುವುದಿಲ್ಲ ಅಂತ ಅಲ್ಲಿ ಬರೆದಿದೆ. ನಮ್ಮ ಹುಡುಗಿಯರ ಕಥೆಯಲ್ಲಿ ಈ ಎರಡೂ ಒಟ್ಟಿಗೇ ಇದ್ದವು.

ಈಗ ಬೇರಿನ ವಿಷಯಕ್ಕೆ ಬರೋಣ.

ಜಿನ್ಸೆಂಗ್ ಕ್ರೀಡಾಪಟುಗಳ ಬಾಯಿಗೆ ಬಂದದ್ದು ಹೇಗೆ ಅನ್ನುವುದಕ್ಕೆ ಒಂದು ಹಿನ್ನೆಲೆ ಇದೆ. 1940ರ ದಶಕದಲ್ಲಿ ಸೋವಿಯತ್ ಒಕ್ಕೂಟದಲ್ಲಿ ನಿಕೊಲಾಯ್ ಲಾಝರೆವ್ ಅನ್ನುವ ವಿಜ್ಞಾನಿ 'ಅಡಾಪ್ಟೋಜೆನ್' ಅನ್ನುವ ಕಲ್ಪನೆ ಮುಂದಿಟ್ಟರು. ಯಾವುದೇ ಬಗೆಯ ಒತ್ತಡ ಬಂದರೂ ದೇಹ ತಡೆದುಕೊಳ್ಳುವ ಹಾಗೆ ಮಾಡುವ ವಸ್ತು ಅಂತ ಅದರ ಅರ್ಥ. ಅವರ ಶಿಷ್ಯ ಇಸ್ರೇಲ್ ಬ್ರೆಖ್‌ಮನ್ ಮೊದಲು ಜಿನ್ಸೆಂಗ್, ಆಮೇಲೆ ಅದರ ದೂರದ ನೆಂಟ ಎಲ್ಯೂಥೆರೊಕಾಕಸ್ ಗಿಡದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಸೋವಿಯತ್ ಕ್ರೀಡಾಪಟುಗಳಿಗೆ ಈ ಸಾರಗಳನ್ನು ಕೊಡುತ್ತಿದ್ದರು. ಆ ಕಾಲದ ಪೂರ್ವ ಯುರೋಪಿನ ತರಬೇತಿಯ ಗಾಳಿಯಲ್ಲೇ ಈ ನಂಬಿಕೆ ಇತ್ತು. ಆದರೆ ಆಗಿನ ಪ್ರಯೋಗಗಳಲ್ಲಿ ಬಹಳಷ್ಟು ಇಂದಿನ ಅಳತೆಗೆ ನಿಲ್ಲುವುದಿಲ್ಲ. ಯಾರಿಗೆ ಔಷಧಿ, ಯಾರಿಗೆ ಔಷಧಿಯೇ ಇಲ್ಲದ ಹುಸಿಮಾತ್ರೆ ಅನ್ನುವುದನ್ನು ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಗೊತ್ತಾಗದ ಹಾಗೆ ಮುಚ್ಚಿಟ್ಟು ಮಾಡಿದ ಪರೀಕ್ಷೆಗಳು ಅವುಗಳಲ್ಲಿ ಕಡಿಮೆ.

ಹಾಗೆ ಮುಚ್ಚಿಟ್ಟು ಮಾಡುವುದು ಯಾಕೆ ಅಷ್ಟು ಮುಖ್ಯ? ಇದನ್ನು ತೋರಿಸುವ ಒಂದು ಹಳೆಯ ಪ್ರಯೋಗವಿದೆ, ಮತ್ತು ಅದಕ್ಕೆ ನಮ್ಮ ಪ್ರಕರಣದ ಜೊತೆ ನೇರ ನಂಟೂ ಇದೆ. ಮೆಟಾಂಡಿಯೆನೋನ್ ಮೊದಲು ಮಾರುಕಟ್ಟೆಗೆ ಬಂದದ್ದು 1958ರಲ್ಲಿ, ಡಯಾನಬಾಲ್ ಅನ್ನುವ ಹೆಸರಲ್ಲಿ. 1972ರಲ್ಲಿ ಅಮೆರಿಕದ ಏರಿಯಲ್ ಮತ್ತು ಸ್ಯಾವಿಲ್ ಅನ್ನುವ ಸಂಶೋಧಕರು ಒಂದು ವರದಿ ಪ್ರಕಟಿಸಿದರು. ಭಾರ ಎತ್ತುವ ತಾಲೀಮಿನಲ್ಲಿ ಆಗಲೇ ಪಳಗಿದ್ದ ಆರು ಯುವಕರಿಗೆ 'ದಿನಾ ಡಯಾನಬಾಲ್ ಕೊಡುತ್ತೇವೆ' ಅಂತ ಹೇಳಿ ಸುಮ್ನೆ ಹುಸಿಮಾತ್ರೆ ಕೊಟ್ಟರು. ನಾಲ್ಕು ವಾರ. ಅದಕ್ಕೆ ಮುಂಚಿನ ವಾರಗಳಲ್ಲಿ ಅವರ ಶಕ್ತಿ ಎಷ್ಟು ಏರುತ್ತಿತ್ತೋ ಅದಕ್ಕಿಂತ ಜಾಸ್ತಿ ಏರಿತು. ಮಾತ್ರೆಯಲ್ಲಿ ಏನೂ ಇರಲಿಲ್ಲ. ನಂಬಿಕೆ ಇತ್ತು, ಆ ನಂಬಿಕೆಯಿಂದ ಇನ್ನಷ್ಟು ಜೋರಾಗಿ ಮಾಡಿದ ತಾಲೀಮು ಇತ್ತು.

'ನಾನು ತಗೊಂಡೆ, ನನಗೆ ವ್ಯತ್ಯಾಸ ಕಂಡಿತು' ಅಂತ ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ. ವ್ಯತ್ಯಾಸ ಕಂಡಿರಬಹುದು. ಅದು ಬೇರಿನಿಂದ ಬಂತಾ, ನಂಬಿಕೆಯಿಂದ ಬಂತಾ ಅಂತ ಬೇರ್ಪಡಿಸಲು ಒಬ್ಬರ ಅನುಭವ ಸಾಲುವುದಿಲ್ಲ, ಅಷ್ಟೆ.

ಜಿನ್ಸೆಂಗ್ ಮೇಲೆ ಅಂಥ ಬಿಗಿಯಾದ ಪರೀಕ್ಷೆಗಳು 1990ರ ದಶಕದಲ್ಲಿ ನಡೆದವು. ಅಮೆರಿಕದ ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ಎಂಗೆಲ್ಸ್ ಮತ್ತು ವಿರ್ತ್ 1997ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 36 ಆರೋಗ್ಯವಂತ ಗಂಡಸರಿದ್ದರು. ಕೆಲವರಿಗೆ ದಿನಕ್ಕೆ 200 ಮಿಲಿಗ್ರಾಂ, ಕೆಲವರಿಗೆ 400, ಉಳಿದವರಿಗೆ ಹುಸಿಮಾತ್ರೆ. ಎಂಟು ವಾರ ಆದಮೇಲೆ ಸುಸ್ತಾಗಿ ನಿಲ್ಲುವ ತನಕ ವ್ಯಾಯಾಮ ಮಾಡಿಸಿದರು. ಆಮ್ಲಜನಕದ ಬಳಕೆ, ಹೃದಯ ಬಡಿತ, ರಕ್ತದ ಲ್ಯಾಕ್ಟೇಟ್, ಎಷ್ಟು ಹೊತ್ತು ತಡೆದುಕೊಂಡರು ಅನ್ನುವುದು, ಯಾವುದರಲ್ಲೂ ಜಿನ್ಸೆಂಗ್ ಗುಂಪು ಮುಂದೆ ಹೋಗಲಿಲ್ಲ.

ಅದು ದೂರದ ಓಟದವರಿಗೆ ಹತ್ತಿರವಾಗುವ ಪರೀಕ್ಷೆ, 400 ಮೀಟರ್‌ನವರಿಗಲ್ಲ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದೇ ಗುಂಪು 2001ರಲ್ಲಿ ಇನ್ನೊಂದು ಪರೀಕ್ಷೆ ಪ್ರಕಟಿಸಿತು. ಈ ಸಲ ಭಾಗವಹಿಸಿದ್ದು ಚಟುವಟಿಕೆಯಿಂದಿರುವ ಹೆಂಗಸರು. ಬಳಸಿದ್ದು ವಿಂಗೇಟ್ ಪರೀಕ್ಷೆ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕಂದರೆ 400 ಮೀಟರ್ ಓಡುವವರ ನೋವನ್ನು ಪ್ರಯೋಗಾಲಯದಲ್ಲಿ ಹೆಚ್ಚು ಕಡಿಮೆ ಹಾಗೇ ತೋರಿಸುವುದು ಇದೇ. ಕದಲದ ಸೈಕಲ್ ಮೇಲೆ ಕೂರಿಸುತ್ತಾರೆ. ಸ್ವಲ್ಪ ಮೈ ಬಿಸಿ ಮಾಡಿಸುತ್ತಾರೆ. ಆಮೇಲೆ ಚಕ್ರಕ್ಕೆ ಭಾರ ಹಾಕುತ್ತಾರೆ, ಸಾಮಾನ್ಯವಾಗಿ ಮೈತೂಕದ 7.5 ಶೇಕಡಾ. 60 ಕೆಜಿ ಹುಡುಗಿಗೆ ನಾಲ್ಕೂವರೆ ಕೆಜಿ. ಭಾರ ಬಿದ್ದ ಕ್ಷಣದಿಂದ 30 ಸೆಕೆಂಡ್ ಮೈಯಲ್ಲಿರುವುದನ್ನೆಲ್ಲ ಹಾಕಿ ತುಳಿಯಬೇಕು. ಉಳಿಸಿಕೊಳ್ಳುವ ಹಾಗಿಲ್ಲ. ಮೊದಲ ಐದಾರು ಸೆಕೆಂಡು ಚಕ್ರ ಹಾರುತ್ತದೆ. ಹದಿನೈದಕ್ಕೆ ತೊಡೆ ಉರಿಯಲು ಶುರು. ಕೊನೆಯ ಹತ್ತು ಸೆಕೆಂಡು ಕಾಲು ಮಾತು ಕೇಳುವುದಿಲ್ಲ. ಮೇಲಿನ ಗರಿಷ್ಠ ಶಕ್ತಿ ಎಷ್ಟು, ಕೊನೆಗೆ ಎಷ್ಟಕ್ಕೆ ಇಳಿಯಿತು, ಆಮೇಲೆ ಹೃದಯ ಬಡಿತ ಎಷ್ಟು ಬೇಗ ಸುಧಾರಿಸಿತು, ಎಲ್ಲವನ್ನೂ ಅಳೆಯುತ್ತಾರೆ. ಎಂಟು ವಾರ ದಿನಕ್ಕೆ 400 ಮಿಲಿಗ್ರಾಂ ಜಿನ್ಸೆಂಗ್ ತೆಗೆದುಕೊಂಡ ಹೆಂಗಸರಿಗೂ ಹುಸಿಮಾತ್ರೆಯವರಿಗೂ ಗಮನಿಸುವಂಥ ಫರಕು ಬರಲಿಲ್ಲ. ಶಕ್ತಿಯಲ್ಲೂ ಇಲ್ಲ, ಸುಧಾರಿಸಿಕೊಳ್ಳುವುದರಲ್ಲೂ ಇಲ್ಲ.

ಇವು ಸಣ್ಣ ಪರೀಕ್ಷೆಗಳು. ಇಪ್ಪತ್ತು ಮೂವತ್ತು ಚಿಲ್ಲರೆ ಜನರಲ್ಲಿ ಅತಿ ಸಣ್ಣ ಲಾಭ ಕಾಣದೇ ಹೋಗಬಹುದು, ಅದನ್ನು ಒಪ್ಪಬೇಕು. ಅದಕ್ಕೇ ಹಲವು ಪರೀಕ್ಷೆಗಳನ್ನು ಕೂಡಿಸಿ ನೋಡುತ್ತಾರೆ. 2016ರಲ್ಲಿ ಕೊರಿಯಾದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ವಿಶ್ಲೇಷಣೆ 12 ಪರೀಕ್ಷೆಗಳ 630 ಜನರ ಲೆಕ್ಕವನ್ನು ಒಟ್ಟು ಮಾಡಿತು. ದಣಿವು ಕಡಿಮೆಯಾಯಿತು ಅನ್ನುವುದಕ್ಕೆ ಒಂದಿಷ್ಟು ಆಧಾರ ಸಿಕ್ಕಿತು. ದೈಹಿಕ ಸಾಮರ್ಥ್ಯ ಹೆಚ್ಚಿತಾ ಅಂತ ನೋಡಿದರೆ ಫಲಿತಾಂಶ ಹೆಚ್ಚು ಕಡಿಮೆ ಸೊನ್ನೆ. ಜಿನ್ಸೆಂಗ್ ಬಗ್ಗೆ ಒಳ್ಳೆಯ ಮಾತಾಡಲು ಕಾರಣವಿರುವ ದೇಶದ ಪತ್ರಿಕೆಯಲ್ಲೇ ಈ ಮಾತು ಬಂದಿದೆ ಅನ್ನುವುದು ನನಗೆ ಮುಖ್ಯವಾಗಿ ಕಾಣುತ್ತದೆ.

ಅಂದರೆ, ಪಟಿಯಾಲದ ಶಿಬಿರದಲ್ಲಿ ಆ ಡಬ್ಬಿ ತೆರೆದಾಗ ಒಳಗೆ ಶುದ್ಧ ಬೇರಿನ ಪುಡಿಯೇ ಇದ್ದಿದ್ದರೂ ರಿಲೇ ಸಮಯದಲ್ಲಿ ವ್ಯತ್ಯಾಸ ಆಗುತ್ತಿತ್ತು ಅನ್ನಲು ಆಧಾರ ಇರಲಿಲ್ಲ. ಲಾಭದ ಕಡೆ ಇಷ್ಟೇ. ನಷ್ಟದ ಕಡೆ ಏನಿತ್ತು?

1994ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಚಿಕ್ಕ ವರದಿ ಬಂದಿತ್ತು. 11 ದೇಶಗಳಲ್ಲಿ ಮಾರುತ್ತಿದ್ದ 50 ಜಿನ್ಸೆಂಗ್ ಉತ್ಪನ್ನಗಳನ್ನು ಪರೀಕ್ಷಿಸಿದ್ದರು. ಆರರಲ್ಲಿ ಜಿನ್ಸೆಂಗಿನ ಮುಖ್ಯ ಅಂಶವೇ ಇರಲಿಲ್ಲ. ಒಂದರಲ್ಲಿ ಎಫೆಡ್ರಿನ್ ಅನ್ನುವ ನಿಷೇಧಿತ ಉತ್ತೇಜಕ ಧಾರಾಳವಾಗಿತ್ತು. ಅದನ್ನು ತಿಂದ ಕ್ರೀಡಾಪಟುವೊಬ್ಬರು ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದ್ದರು. ಜಿನ್ಸೆಂಗ್ ಡಬ್ಬಿ ನಂಬಿ ಕ್ರೀಡಾಪಟು ಕೆಟ್ಟ ಕಥೆ ನಮ್ಮವರಿಗಿಂತ 17 ವರ್ಷ ಮೊದಲೇ ಅಚ್ಚಾಗಿತ್ತು. 2001ರಲ್ಲಿ ಅಮೆರಿಕದಲ್ಲಿ ಅಂಗಡಿಯಿಂದ ಕೊಂಡ 25 ಜಿನ್ಸೆಂಗ್ ಉತ್ಪನ್ನಗಳನ್ನು ನೋಡಿದರು. ಗಿಡ ಎಲ್ಲದರಲ್ಲೂ ಸರಿಯಾದದ್ದೇ. ಆದರೆ ಅದರ ಮುಖ್ಯ ಅಂಶದ ಪ್ರಮಾಣ ಒಂದು ಕ್ಯಾಪ್ಸೂಲಿಗೂ ಇನ್ನೊಂದಕ್ಕೂ 15 ಪಟ್ಟಿನ ತನಕ ವ್ಯತ್ಯಾಸ, ದ್ರವರೂಪದ್ದರಲ್ಲಿ 36 ಪಟ್ಟು. ಪ್ರಯೋಗಾಲಯದಲ್ಲಿ ಅಳೆದು ಕೊಟ್ಟ 400 ಮಿಲಿಗ್ರಾಂಗೂ ಅಂಗಡಿಯ ಡಬ್ಬಿಯ 400 ಮಿಲಿಗ್ರಾಂಗೂ ಎಲ್ಲಿಯ ಸಂಬಂಧ?

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಬಂದದ್ದು ಜರ್ಮನಿಯ ಕಲೋನ್ ನಗರದ ಡೋಪಿಂಗ್ ಪ್ರಯೋಗಾಲಯದಿಂದ. ಹಾನ್ಸ್ ಗೈಯರ್ ಮತ್ತು ಜೊತೆಗಾರರು 13 ದೇಶಗಳಲ್ಲಿ 634 ಸಪ್ಲಿಮೆಂಟ್‌ಗಳನ್ನು ಕೊಂಡರು. ಯಾವುದರ ಲೇಬಲ್ ಮೇಲೂ ಹಾರ್ಮೋನಿನ ಹೆಸರಿರಲಿಲ್ಲ. 94ರಲ್ಲಿ, ಅಂದರೆ ಸುಮಾರು ಏಳಕ್ಕೆ ಒಂದರಲ್ಲಿ, ಸ್ಟೀರಾಯ್ಡ್ ಬಗೆಯ ವಸ್ತುಗಳು ಸಿಕ್ಕವು. ಇದು ಪ್ರಕಟವಾದದ್ದು 2004ರಲ್ಲಿ. ಅದರ ಬೆನ್ನಿಗೇ ಅದೇ ಪ್ರಯೋಗಾಲಯ ಇನ್ನೊಂದು ಬಗೆಯ ಉತ್ಪನ್ನಗಳನ್ನೂ ಕಂಡಿತು. ಅವುಗಳಲ್ಲಿ ಮೆಟಾಂಡಿಯೆನೋನ್, ಸ್ಟಾನೋಝೊಲಾಲ್ ದೊಡ್ಡ ಪ್ರಮಾಣದಲ್ಲೇ ಇದ್ದವು. ಅದೇ ಎರಡು ಹೆಸರು.

ಇವು ಒಳಗೆ ಸೇರುವುದು ಎರಡು ದಾರಿಯಲ್ಲಿ. ಒಂದು, ಅದೇ ಯಂತ್ರದಲ್ಲಿ ಹಿಂದಿನ ಪಾಳಿಯಲ್ಲಿ ಸ್ಟೀರಾಯ್ಡ್ ಮಾತ್ರೆ ಒತ್ತಿರುತ್ತಾರೆ, ಯಂತ್ರ ಸರಿಯಾಗಿ ತೊಳೆದಿರುವುದಿಲ್ಲ. ಇನ್ನೊಂದು, ಬೇಕಂತಲೇ ಹಾಕುತ್ತಾರೆ. ಗಿಡಮೂಲಿಕೆಯಿಂದ ಬೇಗ ಏನೂ ಗೊತ್ತಾಗುವುದಿಲ್ಲ. ತಿಂದ ಎರಡೇ ವಾರದಲ್ಲಿ ತೂಕ ಏರಿ ಮೈ ಗಟ್ಟಿಯಾದ ಹಾಗೆ ಅನ್ನಿಸಿದರೆ ಗಿರಾಕಿ ಮತ್ತೆ ಬರುತ್ತಾನೆ. ಮೊದಲನೆಯದರಲ್ಲಿ ಪ್ರಮಾಣ ತೀರಾ ಕಡಿಮೆ ಇರಬಹುದು, ಓಟಕ್ಕೆ ಅದರಿಂದ ಏನೂ ಆಗದಿರಬಹುದು. ಆದರೆ ಪರೀಕ್ಷೆಗೆ ಅಷ್ಟು ಸಾಕು. ಮೆಟಾಂಡಿಯೆನೋನ್ ಮೈಯಲ್ಲಿ ಒಡೆದು ಬರುವ ಒಂದು ಅಂಶವನ್ನು 2006ರಲ್ಲಿ ಕಲೋನ್‌ನವರೇ ಗುರುತಿಸಿದ್ದರು. ಅದನ್ನು ಹುಡುಕಿದರೆ ಮಾತ್ರೆ ತಿಂದ 19 ದಿನಗಳ ತನಕ ಮೂತ್ರದಲ್ಲಿ ಸಿಗುತ್ತದೆ. ಹೀಗೆ ಪರೀಕ್ಷೆಯ ಕಣ್ಣು ವರ್ಷದಿಂದ ವರ್ಷಕ್ಕೆ ಚುರುಕಾಗುತ್ತಿದ್ದ ಕಾಲದಲ್ಲಿ ಎಲ್ಲೋ ಕೊಂಡ ಡಬ್ಬಿಯನ್ನು ರಾಷ್ಟ್ರೀಯ ಶಿಬಿರದೊಳಗೆ ತಂದು ಹಂಚಿದರು. ಇದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

ಕಲಬೆರಕೆ ಇಲ್ಲದ ಗಿಡವೇ ಕೈಕೊಡುವುದೂ ಉಂಟು. ಇದು ನಮ್ಮ ಪ್ರಕರಣದಲ್ಲಿ ಆಗಿಲ್ಲ. ಆದರೂ 'ಸಹಜವಾದದ್ದು, ಅದರಿಂದ ಏನಾಗುತ್ತೆ' ಅನ್ನುವವರಿಗಾಗಿ ಹೇಳಬೇಕು. ಚೀನಾದ ಮಾ ಹುವಾಂಗ್, ಅಂದರೆ ಎಫೆಡ್ರಾ ಗಿಡದಲ್ಲಿ ಎಫೆಡ್ರಿನ್ ಸಹಜವಾಗೇ ಇದೆ. 2003ರಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರ ಸ್ಟೀವ್ ಬೆಕ್ಲರ್ ಬಿಸಿಲಲ್ಲಿ ಅಭ್ಯಾಸ ಮಾಡುವಾಗ ಕುಸಿದು ಸತ್ತರು. ಎಫೆಡ್ರಾ ಇದ್ದ ಮಾತ್ರೆಯೂ ಅದಕ್ಕೆ ಕಾರಣಗಳಲ್ಲಿ ಒಂದು ಅಂತ ತನಿಖೆ ಹೇಳಿತು. ಮರುವರ್ಷ ಅಲ್ಲಿ ಆ ಗಿಡದ ಸಪ್ಲಿಮೆಂಟ್‌ಗಳನ್ನೇ ನಿಷೇಧಿಸಿದರು. ನಮ್ಮ ಕಾಡಿನ ಕಾಸರಕ ಮರದ ಬೀಜದಲ್ಲಿರುವ ಸ್ಟ್ರಿಕ್ನಿನ್ ಕೂಡ ವಾಡಾ ಪಟ್ಟಿಯಲ್ಲಿದೆ, ಸ್ಪರ್ಧೆಯ ಹೊತ್ತಿನಲ್ಲಿ ನಿಷಿದ್ಧ. 1904ರ ಒಲಿಂಪಿಕ್ ಮ್ಯಾರಥಾನ್ ಗೆದ್ದ ಥಾಮಸ್ ಹಿಕ್ಸ್‌ಗೆ ದಾರಿಯಲ್ಲಿ ಅದನ್ನೇ ಕೊಟ್ಟಿದ್ದರು, ಅವರು ಸಾಯದೆ ಉಳಿದದ್ದೇ ಹೆಚ್ಚು. ಶುದ್ಧಿ ಮಾಡಿದ ಕಾಸರಕದ ಬೀಜ ಕೆಲವು ಆಯುರ್ವೇದ ಔಷಧಿಗಳಲ್ಲಿ ಇರುತ್ತದೆ, ಕುಪೀಲು ಅಥವಾ ವಿಷತಿಂದುಕ ಅನ್ನುವ ಹೆಸರಲ್ಲಿ. ಕೀಲುನೋವಿಗೆ ಅಂತ ಮನೆಯವರು ತಂದಿಟ್ಟ ಮಾತ್ರೆಯಲ್ಲಿ ಅದು ಇದೆಯಾ ಅಂತ ಓಡುವ ಹುಡುಗಿ ಓದಿ ನೋಡಬೇಕಾಗುತ್ತದೆ.

ಇನ್ನು ಅಶ್ವಗಂಧ. 'ಜಿನ್ಸೆಂಗ್ ಬಿಡಿ, ಅದು ಹೊರಗಿನದು, ನಮ್ಮ ಅಶ್ವಗಂಧ ಹೇಗೆ' ಅಂತ ಕೇಳದ ತಂದೆ ತಾಯಿ ಇಲ್ಲ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಇದರ ಆಧಾರ ಜಿನ್ಸೆಂಗಿಗಿಂತ ಚೆನ್ನಾಗಿದೆ. ಅಮೃತಸರದ ಗುರುನಾನಕ್ ದೇವ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ 40 ಸೈಕಲ್ ಪಟುಗಳ ಮೇಲೆ ಮಾಡಿದ ಪರೀಕ್ಷೆ ಪ್ರಕಟಿಸಿದರು. ಎಂಟು ವಾರ, ದಿನಕ್ಕೆರಡು ಸಲ 500 ಮಿಲಿಗ್ರಾಂ. ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಹುಸಿಮಾತ್ರೆಯವರಿಗಿಂತ ಚೆನ್ನಾಗಿ ಏರಿತು. 2015ರಲ್ಲಿ ಬಂದ ಇನ್ನೊಂದು ಪರೀಕ್ಷೆಯಲ್ಲಿ 57 ಯುವಕರು. ಎಂಟು ವಾರದ ನಂತರ ಅಶ್ವಗಂಧದವರು ಮಲಗಿ ಎತ್ತುವ ಭಾರ 46 ಕೆಜಿ ಹೆಚ್ಚಿತು, ಹುಸಿಮಾತ್ರೆಯವರದ್ದು 26 ಕೆಜಿ.

ಈ ಸಂಖ್ಯೆ ನೋಡಿ ತಕ್ಷಣ ಅಂಗಡಿಗೆ ಓಡಬೇಡಿ. ಏನೂ ಇಲ್ಲದ ಮಾತ್ರೆ ತಿಂದವರೂ ಎಂಟು ವಾರದಲ್ಲಿ 26 ಕೆಜಿ ಜಾಸ್ತಿ ಎತ್ತಿದರು ಅಂದರೆ ಏನರ್ಥ? ಅವರೆಲ್ಲ ಭಾರ ಎತ್ತುವ ತಾಲೀಮಿಗೆ ಹೊಸಬರು. ಹೊಸಬರಿಗೆ ಏನು ಮಾಡಿದರೂ ಏರುತ್ತದೆ. ಹತ್ತು ವರ್ಷ ಓಡಿದವಳು ಅರ್ಧ ಸೆಕೆಂಡಿಗಾಗಿ ಒದ್ದಾಡುತ್ತಿರುತ್ತಾಳೆ, ಅವಳಿಗೆ ಈ ಲೆಕ್ಕ ಹೊಂದುವುದಿಲ್ಲ. ಇಂಥ ಪರೀಕ್ಷೆಗಳಲ್ಲಿ ಬಹಳಷ್ಟು ಒಂದೆರಡು ಕಂಪನಿಗಳ ಸಾರ ಬಳಸಿ ಮಾಡಿದವು. ಜನ ಕಡಿಮೆ, ಅವಧಿ ಕಡಿಮೆ. ಭರವಸೆ ಇದೆ, ಖಾತ್ರಿ ಇಲ್ಲ. ಜೊತೆಗೆ ಅಶ್ವಗಂಧ ತೆಗೆದುಕೊಂಡವರಲ್ಲಿ ಲಿವರ್‌ಗೆ ತೊಂದರೆಯಾದ ಕೆಲವು ಪ್ರಕರಣಗಳು 2020ರಿಂದೀಚೆಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ಆಹಾರ ಸಪ್ಲಿಮೆಂಟ್‌ಗಳಲ್ಲಿ ನಿಷೇಧಿಸಿತು. ಆ ನಿಷೇಧ ಅತಿಯಾಯಿತು ಅಂತ ವಾದಿಸುವವರಿದ್ದಾರೆ, ಇರಲಿ. ಆದರೆ 'ಅಡ್ಡಪರಿಣಾಮವೇ ಇಲ್ಲ' ಅನ್ನುವ ಮಾತನ್ನು ಇನ್ನು ಹೇಳಲಾಗುವುದಿಲ್ಲ.

ಗಿಡದಿಂದ ಬಂದದ್ದು ಯಾವುದೂ ಕೆಲಸಕ್ಕೆ ಬರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಕರೆಸಿದ ತಜ್ಞರು 2018ರಲ್ಲಿ ಎಲ್ಲ ಸಪ್ಲಿಮೆಂಟ್‌ಗಳ ಆಧಾರ ಕೂಡಿಸಿ ನೋಡಿದರು. ಸಾಮರ್ಥ್ಯವನ್ನು ನೇರವಾಗಿ ಹೆಚ್ಚಿಸುತ್ತವೆ ಅನ್ನಲು ಒಳ್ಳೆಯ ಆಧಾರ ಇರುವುದು ಐದಕ್ಕೆ ಮಾತ್ರ ಅಂದರು: ಕೆಫೀನ್, ಕ್ರಿಯೇಟಿನ್, ನೈಟ್ರೇಟ್, ಅಡುಗೆ ಸೋಡಾ, ಬೀಟಾ ಅಲನಿನ್. ಇದರಲ್ಲಿ ಎರಡು ನಮ್ಮ ಅಡುಗೆಮನೆಯ ಗಿಡಗಳಿಂದಲೇ ಬರುತ್ತವೆ. ಕೆಫೀನ್ ಚಿಕ್ಕಮಗಳೂರು, ಕೊಡಗಿನ ಕಾಫಿಯಲ್ಲಿದೆ. ಅದು 2004ರಿಂದ ನಿಷೇಧಿತವೂ ಅಲ್ಲ. ಪರೀಕ್ಷೆಗಳಲ್ಲಿ ಕೊಡುವುದು ಮೈತೂಕದ ಕೆಜಿಗೆ 3ರಿಂದ 6 ಮಿಲಿಗ್ರಾಂ, ಅಂದರೆ 60 ಕೆಜಿ ಇರುವವರಿಗೆ 180ರಿಂದ 360. ನೈಟ್ರೇಟ್ ಬೀಟ್‌ರೂಟ್‌ನಲ್ಲಿದೆ. ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದವರು 2009ರಲ್ಲಿ ದಿನಕ್ಕೆ ಅರ್ಧ ಲೀಟರ್ ಬೀಟ್‌ರೂಟ್ ರಸ ಕುಡಿಸಿ, ಅಷ್ಟೇ ಕೆಲಸಕ್ಕೆ ದೇಹ ಕಡಿಮೆ ಆಮ್ಲಜನಕ ಬಳಸುತ್ತದೆ ಅಂತ ತೋರಿಸಿದರು. ಚೆನ್ನಾಗಿ ಪಳಗಿದ ಓಟಗಾರರಲ್ಲಿ ಅದರ ಲಾಭ ಕಡಿಮೆ ಅಂತಲೂ ಆಮೇಲೆ ಗೊತ್ತಾಯಿತು. ಜಿನ್ಸೆಂಗಾಗಲಿ ಅಶ್ವಗಂಧವಾಗಲಿ ಆ ಐದರ ಪಟ್ಟಿಯಲ್ಲಿ ಇಲ್ಲ.

ಇಷ್ಟೆಲ್ಲ ಓದಿ ಹೇಳುವ ಕೆಲಸ ಯಾರದ್ದಾಗಿತ್ತು? ಸಂಹಿತೆ ಓಟಗಾರ್ತಿಯರದ್ದು ಅನ್ನುತ್ತದೆ. ಕಾನೂನಿನ ಲೆಕ್ಕದಲ್ಲಿ ಅದು ಸರಿ, ಇಲ್ಲದಿದ್ದರೆ ಸಿಕ್ಕಿಬಿದ್ದ ಪ್ರತಿಯೊಬ್ಬರೂ ಡಬ್ಬಿಯನ್ನೇ ತೋರಿಸುತ್ತಾರೆ. ಆದರೆ ಶಿಬಿರದ ಬದುಕು ಹೇಗಿರುತ್ತದೆ ಅನ್ನುವುದನ್ನೂ ನೋಡಬೇಕು. ಹಳ್ಳಿಯಿಂದ ಬಂದ ಹುಡುಗಿ, ಬೇರೆ ಭಾಷೆಯ ಊರು, ತಂಡದಲ್ಲಿ ಇರುವುದೋ ಹೋಗುವುದೋ ಕೋಚ್ ಕೈಯಲ್ಲಿ. ಅವರು ಕೊಟ್ಟದ್ದನ್ನು ದೇವಸ್ಥಾನದ ತೀರ್ಥದ ಹಾಗೆ ಕೈಯೊಡ್ಡಿ ತೆಗೆದುಕೊಳ್ಳುವುದೇ ಅಲ್ಲಿಯ ರೂಢಿ. 'ಸರ್, ಇದರ ಲೇಬಲ್ ತೋರಿಸಿ, ಡಾಕ್ಟರಿಗೆ ಕೇಳಿ ಹೇಳುತ್ತೇನೆ' ಅನ್ನುವ ಧೈರ್ಯ ಎಷ್ಟು ಜನಕ್ಕೆ ಬರುತ್ತದೆ? ನನ್ನ ಪ್ರಕಾರ ಆ ಮಾತನ್ನು ಅವರ ಬಾಯಿಂದ ನಿರೀಕ್ಷಿಸುವ ಮುಂಚೆ ಡಬ್ಬಿ ಶಿಬಿರದ ಬಾಗಿಲಲ್ಲೇ ನಿಲ್ಲಬೇಕಿತ್ತು. ತಂಡಕ್ಕೊಬ್ಬ ವೈದ್ಯರು, ಅವರ ಸಹಿ ಇಲ್ಲದೆ ಯಾವ ಮಾತ್ರೆಯೂ ಒಳಗೆ ಬರಬಾರದು ಅನ್ನುವ ಕಟ್ಟುನಿಟ್ಟು ಇದ್ದಿದ್ದರೆ ಸಾಕಿತ್ತು. ಒಗೊರೊಡ್ನಿಕ್ ಕೆಲವು ವರ್ಷಗಳ ನಂತರ ಭಾರತದ ರಿಲೇ ತಂಡಕ್ಕೆ ಕೋಚ್ ಆಗಿ ವಾಪಸ್ ಬಂದರು. ಓಟಗಾರ್ತಿಯರಿಗೆ ಅವರ ಒಲಿಂಪಿಕ್ಸ್ ವಾಪಸ್ ಬರಲಿಲ್ಲ.

ನಿಯಮವೂ ಬದಲಾಗಿದೆ. 2015ರ ಸಂಹಿತೆಯಿಂದ ಸ್ಟೀರಾಯ್ಡ್‌ಗೆ ನಾಲ್ಕು ವರ್ಷ. ಆದರೆ ಕಲಬೆರಕೆಯ ಉತ್ಪನ್ನ ಅಂತ ಸಾಬೀತು ಮಾಡಿ, ತನ್ನ ತಪ್ಪು ದೊಡ್ಡದಲ್ಲ ಅಂತಲೂ ತೋರಿಸಿದರೆ ಬರೀ ಎಚ್ಚರಿಕೆಯಿಂದ ಎರಡು ವರ್ಷದ ತನಕ ಏನು ಬೇಕಾದರೂ ಆಗಬಹುದು. ಸಾಬೀತು ಮಾಡುವುದು ಅಂದರೆ ಬಾಯಿಮಾತಲ್ಲ. ಅದೇ ಬ್ಯಾಚಿನ ಸೀಲ್ ಒಡೆಯದ ಡಬ್ಬಿ ಬೇಕು, ಬಿಲ್ ಬೇಕು, ಅದನ್ನು ಪರೀಕ್ಷಿಸಿದ ಪ್ರಯೋಗಾಲಯದ ವರದಿ ಬೇಕು. ಸ್ಯಾಂಪಲ್ ಕೊಡುವಾಗ ತುಂಬುವ ಫಾರಂನಲ್ಲಿ ಹಿಂದಿನ ಏಳು ದಿನ ತಿಂದ ಔಷಧಿ, ಸಪ್ಲಿಮೆಂಟ್ ಬರೆಯುವ ಜಾಗ ಇರುತ್ತದೆ. ಅಲ್ಲಿ ಬರೆದಿದ್ದರೆ ಮುಂದೆ ಮಾತಿಗೆ ತೂಕ ಬರುತ್ತದೆ.

ನಮ್ಮ ಜಿಲ್ಲೆ ತಾಲೂಕುಗಳಲ್ಲಿ ಮಕ್ಕಳನ್ನು ಓಡಿಸುವವರು ಇಷ್ಟಾದರೂ ಮಾಡಬಹುದು. ಡಬ್ಬಿ ಕೈಗೆ ಬಂದಾಗ ತಿರುಗಿಸಿ ನೋಡಿ. ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಪರವಾನಗಿಯ 14 ಅಂಕಿ ಇದ್ದರೆ ಅದನ್ನು ಆಹಾರ ಅಂತ ಮಾರುತ್ತಿದ್ದಾರೆ. ಆಯುರ್ವೇದ ಔಷಧಿಯ ಪರವಾನಗಿ ಸಂಖ್ಯೆ ಇದ್ದರೆ ಔಷಧಿ ಅಂತ. ಎರಡೂ ತಯಾರಿಕೆಗೆ ಕೊಟ್ಟ ಅನುಮತಿ. 'ಈ ಬ್ಯಾಚನ್ನು ವಾಡಾ ಪಟ್ಟಿಯ ವಸ್ತುಗಳಿಗಾಗಿ ಪರೀಕ್ಷಿಸಿದ್ದೇವೆ' ಅಂತ ಎರಡೂ ಹೇಳುವುದಿಲ್ಲ. ಬ್ಯಾಚ್ ಬ್ಯಾಚ್ ಪರೀಕ್ಷೆ ಮಾಡಿಸಿ ಗುರುತು ಹಾಕಿಸಿಕೊಳ್ಳುವ ಬ್ರ್ಯಾಂಡ್‌ಗಳು ಬೇರೆ ಇವೆ, ಬೆಲೆ ಜಾಸ್ತಿ. ಹದಿನಾಲ್ಕು ಹದಿನೈದರ ಮಗುವಿಗೆ ಅದೂ ಬೇಡ ಅನ್ನುವುದು ನನ್ನ ಅಭಿಪ್ರಾಯ. ಡಬ್ಬಿಗೆ ಕೊಡುವ ಸಾವಿರ ಎರಡು ಸಾವಿರದಲ್ಲಿ ತಿಂಗಳಿಡೀ ಮೊಟ್ಟೆ, ಹಾಲು, ಕಾಳು ಬರುತ್ತದೆ. ಅವುಗಳ ಬಗ್ಗೆ ಯಾವ ನ್ಯಾಯಮಂಡಳಿಯ ಮುಂದೆಯೂ ಉತ್ತರ ಕೊಡಬೇಕಾಗಿಲ್ಲ.